ಅವ್ವ, ಅಯ್ಯನವರು ಮತ್ತು ಮೂರಡಿ ನೀರು

ಈಗಲೂ ಊಟಕ್ಕೆ ಕುಳಿತಾಗ ಯಾರಾದರೂ ಗಾಜಿನ ಲೋಟಕ್ಕೆ ಚಮಚ ತಾಗಿಸಿ ಟಿಣ್ ಎನ್ನಿಸಿದರೆ ನಾನು ಎದ್ದು ನಿಲ್ಲುತ್ತೇನೆ. ಮನೆಯವರಿಗೆ ಇದು ಅಭ್ಯಾಸವಾಗಿದೆ. ಹೆಂಡತಿ ಗಿರಿಜೆ ಸಾರು ಬಡಿಸುತ್ತಲೇ, "ಏನೂ ಆಗಿಲ್ಲ, ಕೂತ್ಕೊಳ್ಳಿ" ಅನ್ನುತ್ತಾಳೆ. ಹೊಸದಾಗಿ ಬಂದ ನೆಂಟರು ಮಾತ್ರ ನಾನು ಯಾರಿಗೋ ಮರ್ಯಾದೆ ಕೊಡಲು ಎದ್ದೆನೆಂದು ತಿಳಿದು ತಾವೂ ಅರ್ಧ ಏಳುತ್ತಾರೆ. ಇಷ್ಟಕ್ಕೆಲ್ಲ ಕಾರಣ ಒಂದು ಸಣ್ಣ ಪ್ರಶ್ನೆ. ಮನೆಯಲ್ಲಿ ಮೀನು ಸಾಕುವುದಾದರೆ ಅದರ ತೊಟ್ಟಿ ಯಾವ ಆಕಾರದ್ದಿರಬೇಕು, ಎಷ್ಟು ದೊಡ್ಡದಿರಬೇಕು? ಎರಡು ವರ್ಷದ ಹಿಂದೆ ಈ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ಆ ಉತ್ತರ ನಮ್ಮ ಅವ್ವನ ತಲೆಯ ಮೇಲೆ ಬೀಳುವುದು ಒಂದು ಗೇಣಿನಲ್ಲಿ ತಪ್ಪಿತು.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಉತ್ತರಪತ್ರಿಕೆ ತಿದ್ದುವಾಗ ನನಗೆ ಸಿಟ್ಟು ನೆತ್ತಿಗೇರುತ್ತದೆ. ಒಮ್ಮೆ ಒಬ್ಬ ಹುಡುಗ ಗುರುತ್ವಾಕರ್ಷಣೆಯನ್ನು ಕಂಡುಹಿಡಿದ ಕೀರ್ತಿಯನ್ನು ಸೇಬಿಗೇ ಕೊಟ್ಟಿದ್ದನ್ನು ನೋಡಿ ನಾನು ಮಸಿ ಕುಡಿಕೆಯನ್ನು ಗೋಡೆಗೆ ಎಸೆದಿದ್ದೆ. ಆ ಕಲೆ ರಾಜಾಜಿನಗರದ ನಮ್ಮ ಮನೆಯ ಗೋಡೆಯ ಮೇಲೆ ಇನ್ನೂ ಇದೆ. ಪ್ರಾಣಿಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, "ಮನೇಲಿ ಒಂದೆರಡು ಬಣ್ಣದ ಮೀನು ಇಟ್ಕೊಳ್ಳಿ ಸಾರ್. ದಿನಾ ಹತ್ತು ನಿಮಿಷ ಅದನ್ನೇ ನೋಡ್ತಾ ಕೂತ್ರೆ ಮನಸ್ಸು ತಣ್ಣಗಾಗುತ್ತೆ" ಎಂದರು. ಮನಸ್ಸು ತಣ್ಣಗಾಗಬೇಕೆಂಬ ಆಸೆಯಿಂದ ಒಂದು ಶನಿವಾರ ಎರಡು ಕಿತ್ತಳೆ ಬಣ್ಣದ ಮೀನುಗಳನ್ನೂ ಕುಂಬಳಕಾಯಿ ಗಾತ್ರದ ಒಂದು ದುಂಡು ಗಾಜಿನ ಪಾತ್ರೆಯನ್ನೂ ತಂದೆ.

ನಮ್ಮದು ಚಿತ್ರದುರ್ಗದ ಕಡೆಯಿಂದ ಬಂದ ಲಿಂಗಾಯತ ಮನೆ. ನಮ್ಮ ಹೊಸ್ತಿಲನ್ನು ಇದುವರೆಗೆ ಯಾವ ಮೀನೂ ಯಾವ ಸ್ಥಿತಿಯಲ್ಲೂ ದಾಟಿರಲಿಲ್ಲ. ಅವ್ವ ಪ್ಲಾಸ್ಟಿಕ್ ಚೀಲದೊಳಗೆ ಇಣುಕಿ, "ಅಲ್ಲೋ ಸಿದ್ಲಿಂಗ, ಇದೇನು ತಂದ್ಯೋ ಮನೀಗೆ?" ಎಂದು ಬಾಗಿಲಿಗೆ ಅಡ್ಡ ನಿಂತಳು. ನೋಡುವುದಕ್ಕೆ ಮಾತ್ರ ಎಂದು ನಾನು ಆಣೆ ಮಾಡಿದ ಮೇಲೆ ಒಳಗೆ ಬಿಟ್ಟಳು. ಪಾತ್ರೆಯನ್ನು ಬೀದಿ ಕಡೆಯ ಕಿಟಕಿಯ ಕಟ್ಟೆಯ ಮೇಲಿಟ್ಟೆ. ದುಂಡು ಗಾಜಿನಲ್ಲಿ ನೀರು ತುಂಬಿದರೆ ಅದು ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ; ಒಳಗಿನದು ದೊಡ್ಡದಾಗಿ ಕಾಣುತ್ತದೆ. ಇದನ್ನು ನಾನು ವರ್ಷಕ್ಕೆ ಎರಡು ಸೆಕ್ಷನ್‌ಗಳಿಗೆ ಪಾಠ ಮಾಡುತ್ತೇನೆ. ಆದರೂ ಎದುರುಮನೆಯ ರುಕ್ಮಿಣಮ್ಮನವರು ತಮ್ಮ ಗೇಟಿನಿಂದ ಏನನ್ನು ನೋಡುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಅವರು ನೋಡಿದ್ದು ಕಿಟಕಿಯಲ್ಲಿ ಒಂದು ಭಾರಿ ಮೀನಿನ ಮುಖವನ್ನು. ಸಂಜೆಯ ಹೊತ್ತಿಗೆ ಬೀದಿಯ ಕೊನೆಯ ಹಿಟ್ಟಿನ ಗಿರಣಿಯವರೆಗೂ ಸುದ್ದಿ ಹೋಗಿತ್ತು. ಗಿರಿಜೆ ಹಿಟ್ಟು ಬೀಸಿಸಲು ಹೋದಾಗ ಅಲ್ಲಿದ್ದವರೊಬ್ಬರು ತುಂಬ ಆತ್ಮೀಯವಾಗಿ ಹತ್ತಿರ ಬಂದು, "ಮೇಷ್ಟ್ರಿಗೆ ಡಾಕ್ಟರ್ ಹೇಳಿದಾರಾ, ಮೀನು ತಿನ್ನೋದಕ್ಕೆ?" ಎಂದು ಪಿಸುಗುಟ್ಟಿದರಂತೆ.

ಬೇರೆ ತಿಂಗಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬರುವ ವಾರ ಶ್ರಾವಣ ಸೋಮವಾರ. ಅವತ್ತು ನಮ್ಮ ಮನೆತನದ ಗುರುಗಳಾದ ಅಯ್ಯನವರು ಮನೆಗೆ ಬಂದು, ಪಾದಪೂಜೆ ಮಾಡಿಸಿಕೊಂಡು, ಪ್ರಸಾದ ಸ್ವೀಕರಿಸಿ ಹೋಗುವುದು ಅಪ್ಪ ಇದ್ದ ಕಾಲದಿಂದ ನಡೆದುಬಂದದ್ದು. "ಅಯ್ಯನೋರ ಕಿವಿಗೆ ಈ ಮಾತು ಬಿದ್ದು, ಅವರು ಹೊಸ್ತಿಲ ಹೊರಗೇ ನಿಂತು ವಾಪಸ್ ಹೋದ್ರೆ ನಾನು ಬದುಕಿ ಏನು ಮಾಡ್ಲಿ?" ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೀನನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಗಿರಿಜೆ ಹೇಳಿದಳು. ನಾನು ಒಪ್ಪಲಿಲ್ಲ. ಈಗ ಕೊಟ್ಟರೆ ತಿಂದು ಮುಗಿಸಿದರು ಅನ್ನುತ್ತಾರೆ! ಮೀನು ಜೀವಂತವಾಗಿದೆ, ತನ್ನ ನಿಜವಾದ ಗಾತ್ರದಲ್ಲಿದೆ, ನೆಮ್ಮದಿಯಾಗಿದೆ ಎಂಬುದು ಇಡೀ ಬೀದಿಗೆ ಕಾಣಬೇಕು. ಅಂದರೆ ಚಪ್ಪಟೆ ಗಾಜಿನ ದೊಡ್ಡ ತೊಟ್ಟಿ ಬೇಕು. ಅಷ್ಟು ದೊಡ್ಡದು ಕಿಟಕಿ ಕಟ್ಟೆಯ ಮೇಲೆ ಕೂರುವುದಿಲ್ಲ. ಕಿಟಕಿಯ ಕೆಳಗೆ ಅವ್ವನ ಮರದ ಪೆಟ್ಟಿಗೆಯಿತ್ತು. ಪೆಟ್ಟಿಗೆಯ ಮೇಲಿಟ್ಟರೆ ಕಟ್ಟೆಯನ್ನೂ ಮೀರಿ ಬೀದಿಗೆ ಕಾಣಲು ತೊಟ್ಟಿ ಮೂರಡಿ ಎತ್ತರವಿರಬೇಕು. ಹೀಗೆ, ಮೀನಿಗೆ ಏನು ಹಿತ ಎಂದು ಒಂದು ಕ್ಷಣವೂ ಯೋಚಿಸದೆ, ರುಕ್ಮಿಣಮ್ಮನವರ ಗೇಟಿನಿಂದ ದಾರ ಹಿಡಿದು ಅಳೆದು, ನಾನು ತೊಟ್ಟಿಯ ಆಕಾರ ನಿರ್ಧರಿಸಿದೆ.

ಕೈಗಾರಿಕಾ ಬಡಾವಣೆಯ ಅಂಚಿನಲ್ಲಿ ಬಾಷಾ ಎಂಬುವವರು ಕಬ್ಬಿಣದ ಪಟ್ಟಿ ಬೆಸೆದು ಕಿಟಕಿ, ಗೇಟು ಮಾಡುತ್ತಿದ್ದರು. ಹೇಳಿದರೆ ಮೀನಿನ ತೊಟ್ಟಿಯನ್ನೂ ಮಾಡಿಕೊಡುತ್ತಿದ್ದರು. ನನ್ನ ಚೀಟಿಯಲ್ಲಿದ್ದ ಅಳತೆ ನೋಡಿ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಉದ್ದ ಒಂದೂವರೆ, ಎತ್ತರ ಮೂರು. ಉಲ್ಟಾ ಬರೆದಿದೀರಾ ಸಾರ್?"

"ಇಲ್ಲ, ಸರಿಯಾಗೇ ಇದೆ."

"ಮೀನು ಅಡ್ಡಡ್ಡ ಓಡಾಡುತ್ತೆ ಸಾರ್. ಲಿಫ್ಟಲ್ಲಿ ಮೇಲೆ ಕೆಳಗೆ ಹೋಗೋಕೆ ಅದೇನು ಆಫೀಸಿಗೆ ಬಂದೈತಾ? ಗಾಳಿ ಸಿಗೋದೂ ನೀರಿನ ಮೇಲ್ಗಡೆಯಿಂದ. ಮೇಲ್ಗಡೆ ಅಗಲ ಇದ್ರೇನೆ ಅದಕ್ಕೂ ಸುಖ. ಮತ್ತೆ ನನ್ನ ಹತ್ರ ಇರೋದು ಕಿಟಕಿ ಗಾಜು. ಮೂರಡಿ ನೀರು ನಿಂತ್ರೆ ಕೆಳಗಡೆ ಜೋರು ಬೀಳುತ್ತೆ. ಈ ಗಾಜು ತಡಿಯೋಲ್ಲ."

ಇಲ್ಲಿ ನಾನು ಆಡಿದ ಮಾತನ್ನು ಬಚ್ಚಿಡಬಹುದಿತ್ತು. ಆದರೆ ಬಾಷಾ ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿಬಿಟ್ಟಿದ್ದಾರೆ. "ನೋಡಿ ಬಾಷಾ ಅವರೇ, ನಾನು ಫಿಸಿಕ್ಸ್ ಮೇಷ್ಟ್ರು" ಎಂದೆ.

ಅವರು ಎರಡೂ ಕೈ ಮುಗಿದು, "ಹಂಗಾದ್ರೆ ಸರಿ ಸಾರ್" ಎಂದರು. ದಪ್ಪ ಗಾಜು ಬರಲು ಹದಿನೈದು ದಿನ ಬೇಕಂತೆ. ನನಗೆ ಶ್ರಾವಣ ಸೋಮವಾರ ಬಾಗಿಲಲ್ಲಿ ನಿಂತಿತ್ತು. ಕಿಟಕಿ ಗಾಜನ್ನೇ ಹಾಕಿಸಿದೆ.

ಭಾನುವಾರ ಬೆಳಿಗ್ಗೆ ನಲ್ಲಿ ಬಂದಾಗ ಮುಕ್ಕಾಲು ಭಾಗ ತುಂಬಿದೆವು. ತೊಟ್ಟಿ ಪೆಟ್ಟಿಗೆಯ ಮೇಲೆ ಬೀರು ನಿಂತ ಹಾಗೆ ನಿಂತಿತ್ತು. ಎರಡು ಮೀನುಗಳೂ ತಳದ ಒಂದು ಮೂಲೆ ಸೇರಿಕೊಂಡು, ಬೀದಿಗೆ ಕಾಣಿಸಿಕೊಳ್ಳುವ ಯಾವ ಉತ್ಸಾಹವನ್ನೂ ತೋರಲಿಲ್ಲ. ಇನ್ನಷ್ಟು ನೀರು ತುಂಬಿದರೆ ಮೇಲೆ ಬರುತ್ತವೆಂದು ನನ್ನ ಲೆಕ್ಕ. ಸೋಮವಾರ ಬೆಳಿಗ್ಗೆ ಅಯ್ಯನವರು ಬರುವ ಹೊತ್ತಾಗಿತ್ತು. ಅವ್ವ ಪೆಟ್ಟಿಗೆಯ ಮುಂದೆ ಚಾಪೆಯ ಮೇಲೆ ಕುಳಿತು, ತೊಟ್ಟಿಗೆ ಬೆನ್ನು ಮಾಡಿ, ಪೂಜೆಗೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ನಾನು ಕುರ್ಚಿ ಹತ್ತಿ, ಕೊನೆಯ ಕೊಡವನ್ನು ಅಂಚಿನವರೆಗೂ ಸುರಿದು, ಕೆಳಗಿಳಿದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ.

ಟಿಣ್ ಎಂದಿತು.

ತಳದ ಮೂಲೆಯಿಂದ ಒಂದು ಗೆರೆ ಹೊರಟು, ಅವ್ವನ ಭುಜದ ಎತ್ತರವನ್ನು ದಾಟಿ, ತಲೆಯ ಎತ್ತರಕ್ಕೆ ಬಂದು ನಿಂತಿತು. ಗೆರೆಯುದ್ದಕ್ಕೂ ನೀರು ಜಿನುಗತೊಡಗಿತು. ಆ ಕ್ಷಣ ನನ್ನ ತಲೆಯೊಳಗೆ ಏನಿತ್ತೆಂದು ಈಗಲೂ ಸ್ಪಷ್ಟವಾಗಿ ನೆನಪಿದೆ. ತರಗತಿಯಲ್ಲಿ ಕೇಳಿಸುವ ನನ್ನದೇ ದನಿ ನಿಧಾನವಾಗಿ, ನೋಟ್ಸ್ ಬರೆಸುವ ಧಾಟಿಯಲ್ಲಿ, "ದ್ರವದ ಒತ್ತಡವು ಆಳ ಹೆಚ್ಚಿದಂತೆ ಹೆಚ್ಚುತ್ತದೆ" ಎನ್ನುತ್ತಿತ್ತು. ಪೂರ್ಣವಿರಾಮ ಕೂಡ ಹಾಕಿತು. ಬಾಯಿಂದ ಮಾತ್ರ ಒಂದಕ್ಷರ ಹೊರಡಲಿಲ್ಲ. ಖಾಲಿ ಕೊಡವನ್ನು ಎದೆಗವಚಿಕೊಂಡು ನಿಂತೇ ಇದ್ದೆ. ಅವ್ವ ಇನ್ನೊಂದು ಬತ್ತಿ ಹೊಸೆದಳು.

ಅಡುಗೆಮನೆಯಿಂದ ಬಂದ ಗಿರಿಜೆ ಗೆರೆಯನ್ನು ನೋಡಿದಳು, ನನ್ನನ್ನೂ ನೋಡಿದಳು. "ಅತ್ತೇ!" ಎಂದು ಕಿರುಚಿ, ಚಾಪೆಯ ತುದಿ ಹಿಡಿದು, ಅವ್ವ ಕೂತಂತೆಯೇ ಚಾಪೆಸಮೇತ ದರದರನೆ ನಡುಮನೆಗೆ ಎಳೆದಳು. ಚಾಪೆಯ ಇನ್ನೊಂದು ತುದಿ ಬಾಗಿಲು ದಾಟುವ ಮೊದಲೇ ಗಾಜು ಹಾರಿತು. ಮೂರಡಿ ನೀರು ಒಟ್ಟಿಗೆ ನೆಲಕ್ಕೆ ಬಿದ್ದ ಸದ್ದಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಅವ್ವ ಕುಳಿತಿದ್ದ ಜಾಗದಲ್ಲಿ ಚಾಪೆಯಿಂದ ಉರುಳಿದ ಹತ್ತಿಯ ಉಂಡೆ ತೊಯ್ದು ನೆಲಕ್ಕೆ ಅಂಟಿಕೊಂಡಿತ್ತು. ಅದರ ನಡುವೆ ಕೈಯುದ್ದದ ಗಾಜಿನ ಚೂರು ನೆಟ್ಟಗೆ ನಾಟಿಕೊಂಡಿತ್ತು.

ನೀರು ಹೊಸ್ತಿಲು ಹಾರಿ, ರಂಗೋಲಿ ಅಳಿಸಿ, ಮೆಟ್ಟಿಲಿಳಿಯಿತು. ಅಯ್ಯನವರು ಆಗಷ್ಟೇ ಗೇಟು ತೆರೆದು ಬಂದು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಪಾದ ತೊಯ್ದವು. ಹಿಂದೆಯೇ ಒಂದು ಕಿತ್ತಳೆ ಮೀನು ಜಾರಿಕೊಂಡು ಬಂದು ಅವರ ಹೆಬ್ಬೆರಳ ಪಕ್ಕದಲ್ಲಿ ಪಟಪಟ ಬಡಿದುಕೊಂಡಿತು. ರುಕ್ಮಿಣಮ್ಮನವರು, ಅವರ ಹಿಂದೆ ಅರ್ಧ ಬೀದಿ, ಗೇಟಿನ ಬಳಿ ಸೇರಿದ್ದರು.

"ಪಾದ ತೊಳೆಯೋದಕ್ಕೆ ಇಷ್ಟು ನೀರು ಯಾಕಮ್ಮಾ?" ಎಂದರು ಅಯ್ಯನವರು.

ಮಡಿಯಲ್ಲಿದ್ದ ಅವ್ವ ಗಾಜಿನ ಚೂರುಗಳ ಪಕ್ಕದಿಂದ ದಾಟಿ ಬಂದು, ಜನ್ಮದಲ್ಲಿ ಮೊದಲ ಸಲ ಎರಡೂ ಕೈಯಲ್ಲಿ ಮೀನನ್ನು ಎತ್ತಿಕೊಂಡಳು. ಪಾದಪೂಜೆಗೆಂದು ಬಾಗಿಲ ಬಳಿ ತುಂಬಿಟ್ಟಿದ್ದ ತಂಬಿಗೆಗೆ ಅದನ್ನು ಬಿಟ್ಟಳು. ಇನ್ನೊಂದನ್ನು ಪೆಟ್ಟಿಗೆಯ ಹಿಂದಿನಿಂದ ಹುಡುಕಿ ತಂದಳು. "ಪಾಪ, ಬೆರಳುದ್ದ ಐತೆ ಅಷ್ಟೇ" ಎಂದು ರುಕ್ಮಿಣಮ್ಮನವರಿಗೆ ತಂಬಿಗೆಯನ್ನು ಬಾಗಿಸಿ ತೋರಿಸಿದಳು. ಅಯ್ಯನವರೂ ಬಗ್ಗಿ ನೋಡಿ, ಜೀವ ಉಳಿಸಿದಿರಿ, ಒಳ್ಳೆಯದಾಯಿತು ಎಂದು ಒದ್ದೆ ಪಾದದಲ್ಲೇ ಒಳಗೆ ಬಂದರು. ಮೂರಡಿ ತೊಟ್ಟಿಯಿಂದ ಸಾಧ್ಯವಾಗದ್ದನ್ನು ಒಂದು ತಂಬಿಗೆ ಮಾಡಿ ಮುಗಿಸಿತ್ತು.

ಮೀನುಗಳು ಈಗ ಹಿತ್ತಲಲ್ಲಿ, ಬಟ್ಟೆ ನೆನೆಸಲು ಕಟ್ಟಿಸಿದ್ದ ಸಿಮೆಂಟಿನ ತೊಟ್ಟಿಯಲ್ಲಿವೆ. ಅದು ತಗ್ಗಾಗಿದೆ, ಅಗಲವಾಗಿದೆ, ಯಾರಿಗೂ ಕಾಣುವುದಿಲ್ಲ. ಅವು ಅಡ್ಡಡ್ಡ ಓಡಾಡಿಕೊಂಡು ದಪ್ಪಗಾಗಿವೆ. ಬಾಷಾ ಒಮ್ಮೆ ಬಂದು ನೋಡಿ, "ಇದೇ ಸಾರ್ ನಾನು ಹೇಳಿದ್ದು" ಎಂದರು. ನಾನು ಫಿಸಿಕ್ಸಿನ ಮಾತೆತ್ತಲಿಲ್ಲ. ಅವ್ವ ಮಾತ್ರ ಒಂದು ದಿನ ಮೀನಿಗೆ ಮಂಡಕ್ಕಿ ಪುಡಿ ಹಾಕುತ್ತ, ನನ್ನ ಮುಖ ನೋಡದೆ, "ಅವತ್ತು ನೀನ್ಯಾಕೆ ಕೂಗ್ಲಿಲ್ಲೋ?" ಎಂದು ಕೇಳಿದಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಗೆರೆ ಮೇಲೇರುತ್ತದೆ, ಅವ್ವ ಬತ್ತಿ ಹೊಸೆಯುತ್ತಾಳೆ, ನಾನು ಕೊಡ ಹಿಡಿದು ನಿಂತಿರುತ್ತೇನೆ.

ಕಳೆದ ವಾರ ತರಗತಿಯಲ್ಲಿ ಮತ್ತೆ ಅದೇ ಪಾಠ ಬಂತು. ಕಪ್ಪು ಹಲಗೆಯ ಮೇಲೆ ಎತ್ತರದ ತೊಟ್ಟಿಯ ಚಿತ್ರ ಬರೆದು, ನನಗೇ ಗೊತ್ತಿಲ್ಲದಂತೆ ಅದರ ಕೆಳಗಿನಿಂದ ಪಕ್ಕಕ್ಕೆ ಸರಿದು ನಿಂತೆ. ಬಾಷಾರ ಅಂಗಡಿಯ ಕಡೆಯಿಂದ ಬರುವ ಒಬ್ಬ ಹುಡುಗ ನಗು ತಡೆದುಕೊಂಡು ಎದ್ದು, "ಸಾರ್, ಗಾಜು ಬಿರುಕು ಬಿಟ್ರೆ ಮೊದ್ಲು ಏನ್ ಮಾಡ್ಬೇಕು ಸಾರ್?" ಎಂದ.

"ಕೂಗಬೇಕು" ಎಂದೆ.

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯರು ತಲೆ ತಗ್ಗಿಸಿ ಅದನ್ನು ನೋಟ್ಸಿನಲ್ಲಿ ಬರೆದುಕೊಂಡರು. ಹನ್ನೊಂದು ವರ್ಷದ ನನ್ನ ಪಾಠದಲ್ಲಿ ಸ್ವಂತವಾಗಿ ಕಲಿತು ಹೇಳಿದ ವಾಕ್ಯ ಅದೊಂದೇ. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.