ಏಳು ಕೊಟ್ಟ ಮೂಗು

ಹೀಗೆ ಹತ್ತಿರ ಬಂದು ಕೂತ್ಕೊಳ್ಳಿ. ಕಾಲು ನೋಯುವವರು ಚಾಚಿಕೊಳ್ಳಿ, ಆಕಳಿಕೆ ಇರುವವರು ಈಗಲೇ ಆಕಳಿಸಿ ಮುಗಿಸಿಬಿಡಿ. ಇದು ವಿಜ್ಞಾನದ ಕಥೆ. ನಡುವೆ ಆಕಳಿಸಿದರೆ ಫಲಿತಾಂಶ ಕೆಟ್ಟುಹೋಗುತ್ತದಂತೆ.

ದ್ರಾಕ್ಷಾರಸ ಗುಣಮಟ್ಟ ಸಂಶೋಧನಾ ಸಂಸ್ಥೆಯ ಆಸ್ತಿಗಳಲ್ಲಿ ಒಂದು ಮೂಗು ಇತ್ತು. ದಿನಾ ಸಂಜೆ ಅದು ಮನೆಗೆ ಹೋಗುತ್ತಿದ್ದುದರಿಂದ ಅದನ್ನು ಚರಾಸ್ತಿ ಎಂದು ಬರೆದುಕೊಂಡಿದ್ದರು. ಬೀರು, ಮೇಜು, ಕುರ್ಚಿಗಳಿಗೆ ಸಂಖ್ಯೆ ಬರೆದು ಅಂಟಿಸಿದಂತೆ ಅದಕ್ಕೂ ಅಂಟಿಸಲು ಒಮ್ಮೆ ಬಂದಿದ್ದರು. ಮೂಗಿನ ಯಜಮಾನ ಒಪ್ಪಲಿಲ್ಲ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಕೆಲಸಕ್ಕೆ ಸೇರಿದ ವಾರದಲ್ಲೇ ಎಲ್ಲರ ಬಾಯಲ್ಲೂ ಮೂಗುರಾಯ ಆಗಿಬಿಟ್ಟ.

ಮೂಗುರಾಯನ ಕೆಲಸ ಸುಲಭ. ಬೆಳಿಗ್ಗೆ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂರಬೇಕು. ಲೋಟದಲ್ಲಿ ಬಂದ ವೈನನ್ನು ತಿರುಗಿಸಿ, ಮೂಸಿ, ಬಾಯಲ್ಲಿ ಮುಕ್ಕಳಿಸಿ, ಪಕ್ಕದ ಬಕೆಟ್ಟಿಗೆ ಉಗಿದು, ಹತ್ತಕ್ಕೆ ಎಷ್ಟು ಅಂಕ ಎಂದು ಹೇಳಬೇಕು. ಜನ್ಮವಿಡೀ ಒಳ್ಳೊಳ್ಳೆಯ ವೈನನ್ನು ಉಗಿದೇ ಸಂಬಳ ತಗೊಂಡ ಪುಣ್ಯಾತ್ಮ ತಾನೊಬ್ಬನೇ ಎಂದು ತನ್ನನ್ನೇ ಆಡಿಕೊಂಡು ನಗುತ್ತಿದ್ದ.

ಪಕ್ಕದ ಕೋಣೆಯಲ್ಲಿ ರಸಾಯನದಮ್ಮ ಇದ್ದಳು. ದೊಡ್ಡ ಓದು ಓದಿದವಳು. ಅದೇ ವೈನನ್ನು ಯಂತ್ರಕ್ಕೆ ಹಾಕಿ ಸಿಹಿ ಎಷ್ಟು, ಹುಳಿ ಎಷ್ಟು, ದ್ರಾಕ್ಷಿ ಸಿಪ್ಪೆಯಿಂದ ಇಳಿದ ಒಗರು ಎಷ್ಟು ಎಂದು ಅಳೆಯುತ್ತಿದ್ದಳು. ಯಂತ್ರದ ಅಳತೆಗೂ ಮೂಗಿನ ಅಂಕಕ್ಕೂ ಏನು ನೆಂಟಸ್ತಿಕೆ ಎಂದು ಕಂಡುಹಿಡಿಯುವುದೇ ಸಂಶೋಧನೆ. ಅವಳು ಹಾಳೆಯ ಮೇಲೆ ಚುಕ್ಕಿ ಇಡುವಳು. ಚುಕ್ಕಿಗಳು ಸಾಸಿವೆ ಡಬ್ಬಿ ಕೈಜಾರಿ ಬಿದ್ದ ಹಾಗೆ ಹಾಳೆ ತುಂಬ ಚೆಲ್ಲಾಪಿಲ್ಲಿ.

"ಇದರಲ್ಲಿ ಗೆರೆ ಎಲ್ಲಮ್ಮಾ?" ಎಂದು ನಿರ್ದೇಶಕರು ಕೇಳುವರು.

"ಬಂದಿಲ್ಲ ಸಾರ್."

"ನಮ್ಮ ಸಂಸ್ಥೆ ಇರೋದೇ ಗೆರೆಗೋಸ್ಕರ. ಈ ವರ್ಷವೂ ಗೆರೆ ಬರದಿದ್ರೆ ಮೇಲಿನವರು ಈ ಕಟ್ಟಡಾನ ಗೋಣಿಚೀಲ ಇಡೋಕೆ ಕೊಡ್ತಾರಂತೆ."

ಮೂಗುರಾಯನಿಗೊಬ್ಬಳು ಅಕ್ಕ. ಬೆಟ್ಟದ ಇಳಿಜಾರಿನಲ್ಲಿ ಅವಳ ದ್ರಾಕ್ಷಿ ತೋಟ. ನಿಜ ಹೇಳಬೇಕೆಂದರೆ ಆ ಮೂಗನ್ನು ತಯಾರು ಮಾಡಿದವಳೇ ಅವಳು. ಚಿಕ್ಕಂದಿನಲ್ಲಿ ತಮ್ಮನ ಕಣ್ಣನ್ನು ಅಂಗೈಯಿಂದ ಮುಚ್ಚಿ, ಮೂಗಿನ ಹತ್ತಿರ ಏನಾದರೊಂದು ಹಿಡಿದು, "ಏನೋ ಇದು, ಹೇಳೋ" ಎನ್ನುತ್ತಿದ್ದಳು. ಪೆನ್ಸಿಲ್ ಕೆತ್ತಿದ ಸಿಪ್ಪೆ, ಒದ್ದೆ ಸ್ಲೇಟು, ನಿಂಬೆ ಎಲೆ. ತಪ್ಪಿದರೆ ಕಿವಿ ಹಿಂಡುವಳು. ಕಿವಿ ಕೆಂಪಾಗುತ್ತಾ ಆಗುತ್ತಾ ಮೂಗು ಚುರುಕಾಯಿತು.

ಸಂಸ್ಥೆಯಲ್ಲಿ ಎಂಟು ಅಂಕ ಬಂದ ವೈನಿಗೆ ಮಾತ್ರ ಮುದ್ರೆ. ಮುದ್ರೆ ಇಲ್ಲದ ಸೀಸೆಯನ್ನು ಅಂಗಡಿಯವರು ಮುಟ್ಟುವುದಿಲ್ಲ. ಅಕ್ಕನ ವೈನು ಪ್ರತಿ ವರ್ಷ ಕೂದಲೆಳೆಯಷ್ಟರಲ್ಲಿ ಎಂಟು ತಪ್ಪಿಸಿಕೊಳ್ಳುತ್ತಿತ್ತು. ಅಂಕ ಕೊಟ್ಟವನು ತಮ್ಮನೇ ಆದರೂ ಅವಳು ಒಮ್ಮೆಯೂ ಮುಖ ಗಂಟಿಕ್ಕಿದವಳಲ್ಲ. ಆದರೆ ಆ ವರ್ಷ ಹೇಳಿದಳು: "ಲೋ, ಈ ಸಲದ್ದು ಬೇರೆನೇ ಆಗಿದೆ. ನಂಗೆ ಗೊತ್ತು. ಇದಕ್ಕೂ ಮುದ್ರೆ ಬರ್ಲಿಲ್ಲ ಅಂದ್ರೆ ಬಳ್ಳಿಯೆಲ್ಲ ಕಿತ್ತು ಎಲೆಕೋಸು ಹಾಕ್ತೀನಿ. ಎಲೆಕೋಸಿಗೆ ಯಾರೂ ಅಂಕ ಕೇಳಲ್ಲ."

ಅಷ್ಟರಲ್ಲಿ ಮೂಗುರಾಯನಿಗೆ ನೆಗಡಿಯಾಯಿತು.

ನೆಗಡಿ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಅವನಿಗದು ತಿಳಿದದ್ದು ಅಡುಗೆಮನೆಯಲ್ಲಿ. ಒಲೆಯ ಪಕ್ಕವೇ ನಿಂತು ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಓಡಿಬಂದಳು.

"ರೀ! ಹಾಲು ಸೀದು ಕರಕಲಾಗಿದೆ, ಕಂಬದ ಹಾಗೆ ನಿಂತಿದ್ದೀರಲ್ಲ! ಮೂಗನ್ನ ಆಫೀಸಲ್ಲೇ ಬಿಟ್ಟು ಬಂದ್ರಾ?"

ಮೂಗುರಾಯ ಬಚ್ಚಲಿಗೆ ಓಡಿದ. ಸೋಪು ಮೂಸಿದ, ಚಪ್ಪಲಿ ಮೂಸಿದ. ಎರಡೂ ಒಂದೇ.

ಆಫೀಸಿನಲ್ಲಿ ಮೊದಲ ಲೋಟ ಮುಂದೆ ಬಂತು. ಆರು ಅಂದರೆ ಕಾರಣ ಕೇಳುತ್ತಾರೆ, ಎಂಟು ಅಂದರೆ ಪುರಾವೆ ಕೇಳುತ್ತಾರೆ. "ಏಳು" ಎಂದ. ಯಾರೂ ಏನೂ ಕೇಳಲಿಲ್ಲ. ಎರಡನೆಯದಕ್ಕೂ ಏಳು ಎಂದ. ಹಾಗೇ ವಾರಗಟ್ಟಲೆ ಬಂದಬಂದದ್ದಕ್ಕೆಲ್ಲ ಏಳು ಹಂಚಿದ.

ಒಂದು ಬೆಳಿಗ್ಗೆ ರಸಾಯನದಮ್ಮ ಕೂಗಿಕೊಂಡಳು. ಗೆರೆ ಬಂದಿತ್ತು! ಹಾಳೆಯ ಈ ತುದಿಯಿಂದ ಆ ತುದಿಗೆ, ದಾರ ಎಳೆದು ಕಟ್ಟಿದ ಹಾಗೆ ನೆಟ್ಟಗೆ. ಸಿಹಿ ಏರಿದರೂ ಏಳು, ಹುಳಿ ಇಳಿದರೂ ಏಳು. ಇಂಥ ಗೆರೆ ಯಾವ ಸಂಸ್ಥೆಗೂ ಸಿಕ್ಕಿರಲಿಲ್ಲ. ಮಾರನೆಯ ದಿನವೇ ಗೋಡೆಗೆ ಸುತ್ತೋಲೆ ಹತ್ತಿತು:

"ದ್ರಾಕ್ಷಿಯ ಸಿಹಿ, ಹುಳಿ, ಒಗರು, ಬಣ್ಣ, ತಳಿ ಇವುಗಳಿಗೂ ವೈನಿನ ಗುಣಮಟ್ಟಕ್ಕೂ ಯಾವುದೇ ಸಂಬಂಧವಿರುವುದಿಲ್ಲವೆಂದು ವೈಜ್ಞಾನಿಕವಾಗಿ ದೃಢಪಟ್ಟಿರುತ್ತದೆ. ಸಂಬಂಧವಿದೆಯೆಂದು ಇದುವರೆಗೆ ಭಾವಿಸಿದವರು ಹಾಗೆ ಭಾವಿಸುವುದನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು."

ಮೂಗುರಾಯನಿಗೆ ತಡೆಯಲಾಗಲಿಲ್ಲ. ನಿರ್ದೇಶಕರ ಕೋಣೆಗೆ ಹೋಗಿ ಕೈಕಟ್ಟಿ ನಿಂತ.

"ಸಾರ್, ನಂಗೆ ವಾಸನೆ ಬರ್ತಿಲ್ಲ."

"ಯಾವುದರ ವಾಸನೆ?"

"ಯಾವುದರದ್ದೂ."

"ಒಳ್ಳೇದೇ ಆಯ್ತಲ್ರೀ. ವಾಸನೆ ಬರ್ತಿದ್ದಾಗ ಊಟಕ್ಕೆ ಮುಂಚೆ ಎಂಟು ಅಂತಿದ್ರಿ, ಊಟ ಆದ್ಮೇಲೆ ಅದೇ ಸೀಸೆಗೆ ಆರು ಅಂತಿದ್ರಿ. ಈಗ ನೋಡಿ, ಎಷ್ಟು ನೆಮ್ಮದಿ."

"ಆದ್ರೆ ಸಾರ್, ನಿನ್ನೆ ನಾನು ಏಳು ಕೊಟ್ಟಿದ್ದು ಲೋಟ ತೊಳೆದ ನೀರಿಗಂತೆ."

"ತೊಳೆದವನು ಶ್ರದ್ಧೆಯಿಂದ ತೊಳೆದಿರ್ತಾನೆ ಬಿಡಿ."

ಅಕ್ಕನ ಸೀಸೆ ಬಂದದ್ದು ಆ ವಾರವೇ. ಮೂಗುರಾಯ ಲೋಟವನ್ನು ಮೂಗಿಗೆ ಒತ್ತಿ ಹಿಡಿದ. ಬಾಯಿಗೆ ಹುಯ್ದು, ಉಗಿಯದೆ ನುಂಗಿಯೇಬಿಟ್ಟ. ಬೆಚ್ಚಗಿತ್ತೇ ಹೊರತು ಇನ್ನೇನೂ ತಿಳಿಯಲಿಲ್ಲ. ಎಂಟು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಅಂಗೈಯಿಂದ ಕಣ್ಣು ಮುಚ್ಚಿದವಳಿಗೆ ಕಳ್ಳ ಅಂಕ ಕೊಡಲು ನಾಲಿಗೆ ಏಳಲಿಲ್ಲ. "ಏಳು" ಎಂದ, ಎದ್ದು ಹೋಗಿ ಮುಖ ತೊಳೆದುಕೊಂಡ.

ಅಕ್ಕ ಬಿರುಗಾಳಿಯ ಹಾಗೆ ಬಂದಳು. "ನಂದೂ ಏಳು, ಪಕ್ಕದ ತೋಟದವನ ಹುಳಿನೀರೂ ಏಳಾ? ಬಾ ಇಲ್ಲಿ!" ಎಂದು ಅವನ ಕಣ್ಣು ಮುಚ್ಚಿ, ಸೊಂಟದಿಂದ ಏನೋ ತೆಗೆದು ಮೂಗಿಗೆ ಹಿಡಿದಳು. "ಏನೋ ಇದು?"

"ಗೊತ್ತಾಗ್ತಿಲ್ಲ ಕಣಕ್ಕಾ. ಏನೂ ಗೊತ್ತಾಗ್ತಿಲ್ಲ."

ಹಿಂಡಲೆಂದು ಕಿವಿಗೆ ಹೋದ ಕೈ ಅಲ್ಲೇ ನಿಂತಿತು. "ಅಯ್ಯೋ ಪೆದ್ದೇ, ಮೊದಲೇ ಹೇಳಬಾರ್ದಿತ್ತೇನೋ" ಎಂದು ಕೆನ್ನೆ ಸವರಿದಳು.

ಆಮೇಲೆ ಪ್ರತಿ ಭಾನುವಾರವೂ ಅವನನ್ನು ತೋಟಕ್ಕೆ ಕರೆಸಿ, ಮೊದಲಿನಿಂದ ಪಾಠ ಶುರು ಮಾಡಿದಳು. ಸಿಪ್ಪೆ, ಸ್ಲೇಟು, ಎಲೆ. ಬಳ್ಳಿ ಬೋಳಾಗಿ ಮತ್ತೆ ಚಿಗುರಿತು. ಒಂದು ಭಾನುವಾರ ಅಂಗೈ ಕೆಳಗೆ ಕಣ್ಣು ಮುಚ್ಚಿ ಕೂತವನು ಮೆಲ್ಲಗೆ, "ಪೆನ್ಸಿಲ್" ಎಂದ. ಅಕ್ಕ ಏಳು ಬಂದ ಅದೇ ವೈನಿನ ಸೀಸೆ ತೆರೆದು ಹಿಡಿದಳು. ಒಣಗಿದ ಕಿತ್ತಳೆ ಸಿಪ್ಪೆ ಬಂತು, ಒದ್ದೆ ಸ್ಲೇಟು ಬಂತು, ಅದರ ಹಿಂದೆ ಹೆಸರಿಲ್ಲದ ಇನ್ನೇನೋ ಬಂತು. ದೊಡ್ಡ ಗಂಡಸು, ಬಿಕ್ಕಿಬಿಕ್ಕಿ ಅತ್ತ.

ಅಕ್ಕ ಮರುಪರೀಕ್ಷೆ ಕೇಳಿದಳು. ನಿರ್ದೇಶಕರು, ರಸಾಯನದಮ್ಮ ಇಬ್ಬರೂ ನೋಡುತ್ತಿರುವಾಗ ಮೂಗುರಾಯ ಮೂಸಿ, ನೆಟ್ಟಗೆ ಕೂತು, "ಒಂಬತ್ತು!" ಎಂದ.



"ಯಂತ್ರ ಕೆಟ್ಟಿದೆ" ಎಂದರು ನಿರ್ದೇಶಕರು.

"ಯಂತ್ರ ಸರಿಯಿದೆ ಸಾರ್" ಎಂದಳು ರಸಾಯನದಮ್ಮ.

"ಆ ಯಂತ್ರ ಅಲ್ಲಮ್ಮಾ. ಇದು." ಮೂಗಿನ ಕಡೆ ಬೆರಳು ತೋರಿಸಿದರು.

"ಸಾರ್, ನಂಗೆ ವಾಸನೆ ವಾಪಸ್ ಬಂದಿದೆ!"

"ಯಾರನ್ನ ಕೇಳಿ ಬಂತು? ನೀವು ಹೇಳಿದ ಒಂಬತ್ತು ನಿಜ ಅಂದ್ರೆ, ಇಷ್ಟು ದಿನದ ಏಳೆಲ್ಲ ಏನು? ಗೆರೆ ಏನು? ಕಟ್ಟಡ ಏನು? ಅದೂ ಬಂದ ಮೊದಲನೇ ಒಂಬತ್ತೇ ನಿಮ್ಮಕ್ಕಂಗೆ. ಜನ ಆಡ್ಕೊಳ್ಳಲ್ವೇನ್ರೀ?"

ಮೂಗುರಾಯ ರಸಾಯನದಮ್ಮನ ಕಡೆ ನೋಡಿದ. ಅವಳು ತಲೆ ತಗ್ಗಿಸಿ, "ನಂಗೂ ಅನುಮಾನ ಇತ್ತು. ಆದ್ರೆ ಗೆರೆ ಎಷ್ಟು ಲಕ್ಷಣವಾಗಿದೆ, ಅಳಿಸೋಕೆ ಕೈ ಬರಲ್ಲ" ಎಂದಳು. ಅವನು ಒಂಬತ್ತನ್ನು ಅಲ್ಲಿಗೇ ಬಿಟ್ಟು ಲೋಟವನ್ನು ಪಕ್ಕಕ್ಕೆ ಸರಿಸಿದ. ಸಂಬಳ ನೆನಪಾಯಿತೋ, ನಿವೃತ್ತಿ ನೆನಪಾಯಿತೋ, ಅವನಿಗೇ ಗೊತ್ತು. ನಗಬೇಡಿ, ಆ ಕುರ್ಚಿಯಲ್ಲಿ ಕೂತಿದ್ದರೆ ನಾವೂ ನೀವೂ ಅಷ್ಟೇ.

ಹೊಸ ಸುತ್ತೋಲೆ ಬಂತು: "ಫಲಿತಾಂಶದ ಸ್ಥಿರತೆಯನ್ನು ಕಾಪಾಡುವ ಸಲುವಾಗಿ, ಪರೀಕ್ಷಾ ಕೊಠಡಿಯನ್ನು ಪ್ರವೇಶಿಸುವ ಸಮಸ್ತ ಮೂಗುಗಳು ಹತ್ತಿಯಿಂದ ಮುಚ್ಚಲ್ಪಟ್ಟಿರತಕ್ಕದ್ದು. ಇನ್ನು ಮುಂದೆ ಏಳು ಅಂಕಕ್ಕೂ ಮುದ್ರೆ ನೀಡತಕ್ಕದ್ದು. ದ್ರಾಕ್ಷಿಯ ಬಳಕೆಯು ಐಚ್ಛಿಕವಾಗಿರುತ್ತದೆ."

ಹೀಗೆ ಅಕ್ಕನಿಗೂ ಮುದ್ರೆ ಬಂತು. ಎಲ್ಲರಿಗೂ ಬಂತು. ಮೂಗುರಾಯ ಮುದ್ರೆಯನ್ನು ತಾನೇ ತೋಟಕ್ಕೆ ಒಯ್ದು ಕೊಟ್ಟ. ಅಕ್ಕ ಅದನ್ನು ನೋಡಿದಳು, ತಮ್ಮನ ಮೂಗಿನ ಹತ್ತಿಯನ್ನು ನೋಡಿದಳು. "ಒಳಗೆ ಬರೋದಾದ್ರೆ ಅದನ್ನ ಹೊರಗಿಟ್ಟು ಬಾ" ಎಂದಳು.

ಈಗ ಯಾರ್ಯಾರು ಏನೇನಾದರು, ಕೇಳಿ. ನಿರ್ದೇಶಕರು ಬಡ್ತಿ ಪಡೆದು ಹಾಲಿನ ಗುಣಮಟ್ಟ ನೋಡಲು ಹೋದರು. ಅಲ್ಲೂ ಗೆರೆ ನೆಟ್ಟಗಿದೆಯಂತೆ. ರಸಾಯನದಮ್ಮನಿಗೆ ದೊಡ್ಡ ಬಹುಮಾನ ಬಂತು. ಆ ಗೆರೆಗೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಚೌಕಟ್ಟೇ ಸ್ವಲ್ಪ ಸೊಟ್ಟ. ಅಕ್ಕ ಅರ್ಧ ಬಳ್ಳಿ ಕಿತ್ತು ಎಲೆಕೋಸು ಹಾಕಿದಳು. ಎಲೆಕೋಸಿನ ನೀರಿಗೆ ಬಣ್ಣ ಕಟ್ಟಿ ಸಂಸ್ಥೆಗೆ ಕಳಿಸುತ್ತಾಳೆ, ಮುದ್ರೆ ಬರುತ್ತದೆ, ಅಂಗಡಿಯವರು ಕೈಮುಗಿದು ಒಯ್ಯುತ್ತಾರೆ. ಉಳಿದರ್ಧದ ವೈನು ಮನೆಗೆ.

ಮೂಗುರಾಯ ಭಾನುವಾರಕ್ಕೆ ಕಾಯುತ್ತಾನೆ. ಅಕ್ಕನ ತೋಟದ ಗೇಟಿನ ಹತ್ತಿರ ಹತ್ತಿ ತೆಗೆದು ಕಂಬದ ಮೇಲಿಟ್ಟು ಒಳಗೆ ಹೋಗುತ್ತಾನೆ, ಬರುವಾಗ ಮತ್ತೆ ತುರುಕಿಕೊಳ್ಳುತ್ತಾನೆ. ಒಂದು ಸಲ ಯಾವುದೋ ಗುಬ್ಬಚ್ಚಿ ಆ ಹತ್ತಿಯನ್ನು ಗೂಡಿಗೆ ಎತ್ತಿಕೊಂಡು ಹೋಗಿತ್ತು. ಸೋಮವಾರ ಖಾಲಿ ಮೂಗಿನಲ್ಲೇ ಮೇಜಿನ ಮುಂದೆ ಕೂತ. ಮೊದಲ ಲೋಟದಲ್ಲಿ ಎಲೆಕೋಸು ಘಮ್ಮೆಂದಿತು. ಯಾರ ತೋಟದ್ದೆಂದೂ ಗೊತ್ತಾಯಿತು.

"ಏಳು" ಎಂದ.