ಗೊಂಬೆ ಸಾಲಿನಲ್ಲಿ ಮಹಾಯುದ್ಧದ ಟೋಪಿ

"ನೋಡ್ತಿರು! ಇನ್ಮೇಲೆ ಟೋಪಿ ಗುರುತಿಸಬೇಕಾದ್ರೆ ಇಡೀ ಕಂಟೋನ್ಮೆಂಟು ನಮ್ಮನೆ ಬಾಗಿಲಿಗೇ ಬರ್ಬೇಕು!"

ಅನಂತರಾಮು ಹೆಂಡತಿ ಅಲಮೇಲುವಿನ ಮುಂದೆ ಹೀಗೆ ಘೋಷಿಸಿದ್ದು 1972ರ ನವರಾತ್ರಿಯ ಮೊದಲ ದಿನ. ಹಳೆಯ ಸೈನ್ಯದ ಟೋಪಿಗಳ ಸಂಗ್ರಹಕ್ಕೆ ಅದೇ ನಾಂದಿ. ಶಿವಾಜಿನಗರದ ಗುಜರಿ ಅಂಗಡಿಯ ಗಯಾಜ್ ಕೊಟ್ಟ ಜರಿಪಟ್ಟಿಯ ಟೋಪಿಯನ್ನು ಮೂರು ಸಲ ಅಳೆದು, ಭೂತಗನ್ನಡಿ ಹಿಡಿದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದೂ ಆಗಿತ್ತು: 'ಮೊದಲನೆಯ ಮಹಾಯುದ್ಧ. ಕುದುರೆ ಸವಾರರ ಪಡೆ. ಎಡಗಡೆ ಸವೆದಿದೆ, ಹೆಗಲ ಬಂದೂಕು ಉಜ್ಜಿದ್ದು.'

"ಇದನ್ನ ರಾಮನ ಸೈನ್ಯದ ಮುಂದೆ ಇಡು."

ಅಲಮೇಲು ಟೋಪಿಯನ್ನು ತಿರುಗಿಸಿ ನೋಡಿ, ತುಟಿ ಬಿಗಿಹಿಡಿದು, ಮದುವೆ ದಿಬ್ಬಣದ ಗೊಂಬೆಗಳಲ್ಲಿ ಓಲಗದವರ ಹಿಂದೆ ಇಟ್ಟಳು. "ಇಲ್ಲೇ ಒಪ್ಪುತ್ತೆ ರೀ."

"ಮಹಾಯುದ್ಧಕ್ಕೆ ಇಂಥಾ ಅವಮಾನವೇ!"

ಮೂರನೆಯ ದಿನ ಆಫೀಸಿನಲ್ಲಿ ಪಕ್ಕದ ಮೇಜಿನ ನಾಣಿ ಕಿವಿಯಲ್ಲಿ ಉಸುರಿದ: "ಗುರು, ಮಿಲಿಟರಿ ಸಾಮಾನು ಕಳುವಾಗಿದೆಯಂತೆ. ಪೊಲೀಸ್ರು ಗುಜರಿ ಅಂಗಡಿಗಳನ್ನ ಜಾಲಾಡ್ತಿದಾರೆ. ಯಾರ ಮನೇಲಿ ಸಿಕ್ತೋ, ಅವನ ಕೆಲಸ ಹೋಯ್ತು!"

ಅನಂತರಾಮು ಅರ್ಧ ದಿನ ರಜೆ ಹಾಕಿ, ಮನೆಗೆ ಸೈಕಲ್ಲನ್ನು ಯುದ್ಧವಿಮಾನದಂತೆ ಹಾರಿಸಿದರು.

"ಅಲಮೇಲು, ಆ ಟೋಪಿ ತೆಗಿ! ಬಾವಿಗೆ ಹಾಕ್ತೀನಿ!"

"ಕೂರಿಸಿದ ಗೊಂಬೆ ವಿಜಯದಶಮಿವರೆಗೂ ಕದಲಿಸಬಾರ್ದು ರೀ."

"ಅದು ಗೊಂಬೆ ಅಲ್ಲ ಕಣೇ!"

"ಆರತಿ ಆಗಿದೆಯಲ್ಲ, ಈಗ ಗೊಂಬೆನೇ."

ಅಷ್ಟರಲ್ಲಿ ಪಕ್ಕದ ಬೀದಿಯ ನಿವೃತ್ತ ಸುಬೇದಾರ್ ಚಿನ್ನಪ್ಪನವರ ಹೆಂಡತಿ ಅರಿಶಿನ ಕುಂಕುಮಕ್ಕೆ ಬಂದರು. ಅವರ ಹಿಂದೆಯೇ ಸುಬೇದಾರರ ಮೀಸೆ! ಅದು ನೆಟ್ಟಗೆ ಬಂದು ದಿಬ್ಬಣದ ಸಾಲಿಗೆ ಬಾಗಿತು.

"ಈ ಟೋಪಿ ಎಲ್ಲಿಂದ ಬಂತು?"

ಅನಂತರಾಮು ಕೈಮುಗಿದೇಬಿಟ್ಟರು. "ಸಾರ್, ಏಳು ದಿನ ಟೈಮ್ ಕೊಡಿ. ದಶಮಿ ಆರತಿ ಆಗ್ತಿದ್ದ ಹಾಗೆ ನಾನೇ ಸ್ಟೇಷನ್ನಿಗೆ ಒಪ್ಪಿಸ್ತೀನಿ. ನನ್ನ ಕೆಲಸಕ್ಕೆ ಕುತ್ತು ತರಬೇಡಿ!"

"ಸ್ಟೇಷನ್ನಿಗಾ? ಇದ್ಯಾವ ಸೈನ್ಯದ್ದು ರೀ! ಮದುವೆ ಬ್ಯಾಂಡಿನವರದು. ಎಡಗಡೆ ಸವೆದಿದೆ ನೋಡಿ. ದೊಡ್ಡ ಹಿತ್ತಾಳೆ ವಾದ್ಯ ಹೆಗಲ ಮೇಲೆ ಹೊತ್ಕೊಂಡು ಊದ್ತಾನಲ್ಲ, ಅವನ ಟೋಪಿ!"

ತನ್ನ ಪಾಂಡಿತ್ಯ ಮಣ್ಣುಪಾಲಾದದ್ದಕ್ಕೆ ಅಷ್ಟು ಸಂತೋಷಪಟ್ಟ ಪಂಡಿತ ಜಗತ್ತಿನಲ್ಲಿ ಇನ್ನೊಬ್ಬನಿರಲಾರ! "ಸೈನ್ಯದ್ದಲ್ಲವೇ ಅಲ್ಲ ತಾನೆ? ಖಂಡಿತಾ?" ಎಂದು ಮತ್ತೆ ಮತ್ತೆ ಕೇಳುತ್ತಾ ಸುಬೇದಾರರ ತಟ್ಟೆಗೆ ಕಡಲೆ ಉಸಲಿಯನ್ನು ಬೆಟ್ಟದಂತೆ ಸುರಿದರು.

ಅವರು ಹೊರಟ ಮೇಲೆ ಅನಂತರಾಮುಗೆ ಅನುಮಾನ ಬಂತು. "ಅಲ್ಲ ಕಣೇ, ಓಲಗದವರ ಹಿಂದೆ ಇಟ್ಟೆಯಲ್ಲ... ನಿನಗೆ ಮೊದಲೇ ಗೊತ್ತಿತ್ತಾ?"

"ನಮ್ಮ ಮದುವೆ ಮೆರವಣಿಗೇಲೂ ಇಂಥವೇ ಇದ್ವು. ನೀವು ತಲೆ ಎತ್ತಿದ್ರೆ ತಾನೆ ನೋಡೋಕೆ!"

"ಮತ್ತೆ ಬಾಯಿ ಬಿಡಬಾರ್ದಿತ್ತಾ?"

"ಟೋಪಿ ಗುರುತಿಸೋಕೆ ಜನ ನಮ್ಮನೆ ಬಾಗಿಲಿಗೇ ಬರ್ತಾರೆ ಅಂದ್ರಲ್ಲ," ಎಂದಳು ಅಲಮೇಲು. "ಬಂದು ಗುರುತಿಸಿ ಹೋದ್ರಲ್ಲ!"