ಹಿಂದಿನ ಗೇಟಿನಿಂದ ಒಂದನೇ ಕ್ಲಾಸು

ನನ್ನ ಮೊಮ್ಮಗಳು ಶಾಲೆಗೆ ಸೇರಿದಳು! ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಕೂತು ಉಳಿದದ್ದನ್ನು ಹೇಳಲು ಆಗುವುದಿಲ್ಲ. ಸೇರಿಸಿದವನು ಸಾಕ್ಷಾತ್ ನಾನು. ಡಿಗ್ರಿ ಮಾಡಿದ ಅವಳ ಅಪ್ಪ ಅಮ್ಮ ತಿಂಗಳುಗಟ್ಟಲೆ ತಲೆ ಕೆರೆದುಕೊಂಡರೂ ಆಗದ ಕೆಲಸವನ್ನು, ವಡಪಳನಿಯ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದೋಸೆ ಹೊಯ್ದ ನಾನು ಒಂದೇ ಬೆಳಿಗ್ಗೆ ಮುಗಿಸಿದೆ. ಎಲ್ಲಿ ಸೇರಿಸಿದೆ ಎಂಬುದು ಸ್ವಲ್ಪ ತಡವಾಗಿ ತಿಳಿಯಿತು, ಅಷ್ಟೆ.

ನಮ್ಮ ಫ್ಲ್ಯಾಟಿನಿಂದ ಎರಡು ಬೀದಿ ಆಚೆ ಹಳದಿ ಕಾಂಪೌಂಡಿನ ದೊಡ್ಡ ಶಾಲೆಯೊಂದಿದೆ. ಮಗ ರಮೇಶ, ಸೊಸೆ ಸುಧಾ ಇಬ್ಬರಿಗೂ ಅದೇ ಆಗಬೇಕು. ಬೇರೆ ಕಡೆ ಅರ್ಜಿಯನ್ನೇ ಹಾಕಲಿಲ್ಲ. ಇಂಟರ್ವ್ಯೂನಲ್ಲಿ ಆನೆ ಏನು ತಿನ್ನುತ್ತದೆ ಎಂದು ಕೇಳಿದರಂತೆ. ನಮ್ಮ ಅನಿ, "ನೆಯ್ ರೋಸ್ಟ್" ಎಂದಳಂತೆ. ತುಪ್ಪದ ದೋಸೆ! ಸಾಕಿದವನು ನಾನಲ್ಲವೇ! ಲಿಸ್ಟಿನಲ್ಲಿ ಹೆಸರು ಬರಲಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಬಂತು. ಅರವತ್ತೊಂದನೆಯದು.

ಜೂನಿನಲ್ಲಿ ಫ್ಲ್ಯಾಟಿನ ಮಕ್ಕಳೆಲ್ಲ ವ್ಯಾನು ಹತ್ತಿ ಹೋದರು. ಅನಿ ಖಾಲಿ ಬ್ಯಾಗನ್ನು ಬೆನ್ನಿಗೆ ಏರಿಸಿಕೊಂಡು ಬಾಲ್ಕನಿಯಲ್ಲಿ ನಿಂತಳು. "ತಾತಾ, ಎನ್ನೋಡ ವ್ಯಾನ್ ಎಪ್ಪೋ ವರುಂ?" ನಾವು ಕನ್ನಡದಲ್ಲಿ ಮಾತಾಡಿದರೂ ಅವಳ ಉತ್ತರ ತಮಿಳಿನಲ್ಲೇ. ಅವಳ ವ್ಯಾನು ಯಾವಾಗ ಬರುತ್ತದೆಂದು ನಾನು ಯಾವ ಭಾಷೆಯಲ್ಲಿ ಹೇಳಲಿ?

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಲ್‌ನಿಂದ ಬಾಲ್ಕನಿ, ಬಾಲ್ಕನಿಯಿಂದ ಹಾಲ್. ಹೆಂಡತಿ ಲೀಲಾ ಬೈದಳು: "ಎಂತ ಮಾರಾಯ್ರೆ ನಿಮ್ಮದು, ಬೋನಿಗೆ ಹಾಕಿದ ಹುಲಿ ಹಾಗೆ! ಒಂದು ಕಡೆ ಕೂತ್ಕೊಳ್ಳಿ."

"ಮಗುವಿಗೆ ಶಾಲೆ ಇಲ್ಲ ಮಾರಾಯ್ತಿ!"

"ನೀವು ನಡೆದ್ರೆ ಶಾಲೆ ಹತ್ತಿರ ಬರ್ತದಾ?"

ಹೀಗೆ ನಡೆಯುತ್ತಲೇ ದಸರಾ ಬಂತು. ವಿಜಯದಶಮಿಯ ದಿನ ಮಗುವನ್ನು ಶಾಲೆಗೆ ಸೇರಿಸಿದರೆ ಶ್ರೇಷ್ಠವೆಂದು ಈ ಊರಿನವರ ನಂಬಿಕೆ. ಆಗ ನನಗೊಂದು ಕಾನೂನು ಹೊಳೆಯಿತು. ಆ ದಿನ ಅಕ್ಕಿತಟ್ಟೆ ಹಿಡಿದು ಬಂದ ಮಗುವನ್ನು ಯಾವ ಶಾಲೆಯಾದರೂ ವಾಪಸು ಕಳಿಸಲು ಸಾಧ್ಯವೇ? ಕಳಿಸಿದರೆ ಸರಸ್ವತಿ ಸುಮ್ಮನಿರುತ್ತಾಳೆಯೇ? ಈ ಅಂಶವನ್ನು ಡಿಗ್ರಿಯವರು ಯಾರೂ ಗಮನಿಸಿರಲಿಲ್ಲ!

ರಮೇಶ, ಸುಧಾ ದೇವಸ್ಥಾನಕ್ಕೆ ಹೋದದ್ದೇ ತಡ, ನಾನು ತಟ್ಟೆಗೆ ಅಕ್ಕಿ ಸುರಿದು, ಬಾಳೆಹಣ್ಣು, ವೀಳ್ಯದೆಲೆ ಇಟ್ಟೆ. ಯಾವ ಕಾಗದ ಯಾವುದೆಂದು ನನಗೆ ತಿಳಿಯುವುದಿಲ್ಲವಾದ್ದರಿಂದ ಸೊಸೆಯ ಇಡೀ ಫೈಲನ್ನೇ ಬಗಲಲ್ಲಿಟ್ಟುಕೊಂಡೆ. ಅದರಲ್ಲಿ ಗ್ಯಾಸಿನ ಪುಸ್ತಕ, ಸ್ಕೂಟರಿನ ಇನ್ಶೂರೆನ್ಸ್ ಕೂಡ ಇದ್ದವಂತೆ. ಇರಲಿ, ಕೇಳಿದರೆ ಬೇಕಾಗುತ್ತದಲ್ಲ!

ಹಳದಿ ಕಾಂಪೌಂಡಿನ ದೊಡ್ಡ ಗೇಟಿಗೆ ಬೀಗ. ಸ್ಟೂಲಿನ ಮೇಲಿದ್ದ ವಾಚ್‌ಮನ್, "ಇನ್ನಿಕ್ಕಿ ಲೀವು ಅಯ್ಯಾ" ಎಂದ. ಇವತ್ತು ರಜೆಯಂತೆ. ನಾನು ತಟ್ಟೆ ತೋರಿಸಿದೆ. ಅವನು ತಟ್ಟೆ ನೋಡಿದ, ಮಗುವನ್ನು ನೋಡಿದ, ನಗುತ್ತಾ ಪಕ್ಕದ ಗಲ್ಲಿಗೆ ಕೈ ಬೀಸಿದ. "ಅಂದ ಪಕ್ಕಂ ಪೋಂಗ."

ಆ ಕಡೆ ಹೋಗಿ! ನನಗೆ ಕೂಡಲೇ ಅರ್ಥವಾಯಿತು. ಯಾವ ಹೋಟೆಲಿನಲ್ಲೂ ಮುಂದಿನ ಬಾಗಿಲು ಗಿರಾಕಿಗಳಿಗೆ. ಹಾಲು, ತರಕಾರಿ, ಸೌದೆ, ಕೆಲಸಕ್ಕೆ ಸೇರುವವರು, ಎಲ್ಲ ಹಿಂದಿನ ಬಾಗಿಲಿನಿಂದಲೇ. ನಾನೂ ಹಾಗೇ ಸೇರಿದವನು. ಇಷ್ಟು ದೊಡ್ಡ ಶಾಲೆಗೆ ಹಿಂದಿನ ಗೇಟು ಇರುವುದಿಲ್ಲವೇ? ಮುಂದಿನ ಗೇಟಿನಲ್ಲಿ ಅರ್ಜಿ ಹಿಡಿದು ನಿಂತವರೆಲ್ಲ ಎಂಥ ಮುಗ್ಧರು ಎಂದು ಮರುಕವಾಯಿತು.

ಗಲ್ಲಿಯಲ್ಲಿ ಸಿಕ್ಕ ಗೇಟು ಅಗಲವಾಗಿ ತೆರೆದಿತ್ತು. ಮಾವಿನ ತೋರಣ! ಇಬ್ಬರು ಟೀಚರಮ್ಮಂದಿರು ಗೇಟಿಗೇ ಬಂದು, "ವಾಂಗ, ವಾಂಗ" ಎಂದು ಅನಿಯ ಕೊರಳಿಗೆ ಹಾರ ಹಾಕಿ, ಬಾಯಿಗೆ ಕಲ್ಲುಸಕ್ಕರೆ ಇಟ್ಟರು. ಮೇಲೆ ದೊಡ್ಡ ಬೋರ್ಡೂ ಇತ್ತು. ಆದರೆ ನನ್ನ ತಮಿಳು ಬಾಯಲ್ಲಿ ಮಾತ್ರ, ಕಣ್ಣಿಗೆ ಬರುವುದಿಲ್ಲ.

ಅಕ್ಕಿಯ ಮೇಲೆ ಅನಿಯ ಬೆರಳು ಹಿಡಿದು ನಾನು ಕನ್ನಡದ ಅ ಬರೆಸಿದೆ, ಟೀಚರಮ್ಮ ತಮಿಳಿನ ಅ ಬರೆಸಿದರು. ಫಾರಂ ಅವರೇ ತುಂಬಿಸಿದರು. ಸಹಿ ಮಾತ್ರ ನನ್ನದು. ನನ್ನ ಸಹಿಗೆ ಮೂರು ನಿಮಿಷ ಬೇಕು. ಅವರು ಫ್ಯಾನು ಹಾಕಿ ಕಾದರು. ಎಂಥ ಮರ್ಯಾದೆ! ಅನಿ ಮನೆಯವರೆಗೂ ಕುಣಿಯುತ್ತಾ ಬಂದಳು. ನಾನೂ ಸುಮಾರು ಹಾಗೆಯೇ ಬಂದೆ.

ಸಂತೋಷವಾದರೆ ಅಡಿಗೆಯವನು ಏನು ಮಾಡುತ್ತಾನೆ? ಇಪ್ಪತ್ತನಾಲ್ಕು ಮನೆಗೆ ಆಗುವಷ್ಟು ಕೇಸರಿಬಾತ್ ಮಾಡಿದೆ. ಬಾಗಿಲು ಬಾಗಿಲಿಗೂ ಹೋಗಿ, "ದೊಡ್ಡ ಸ್ಕೂಲ್, ಅಡ್ಮಿಷನ್ ಆಯಿತು!" ಎಂದು ಸಾರಿದೆ. ಎದುರು ಮನೆಯ ಮಾಮಿಯ ಮೊಮ್ಮಗ ಕಾರ್ತಿಕನದು ವೇಟಿಂಗ್ ಲಿಸ್ಟಿನಲ್ಲಿ ಐವತ್ತೆಂಟು. ಮಾಮಿ ನನ್ನನ್ನು ಮೂಲೆಗೆ ಕರೆದು, "ಎಪ್ಪಡಿ ಮಾಮಾ?" ಎಂದು ಪಿಸುಗುಟ್ಟಿದರು. ಹೇಗೆಂದು ನಾನೂ ಪಿಸುಗುಟ್ಟಿದೆ: "ಹಿಂದಿನ ಗೇಟು. ಯಾರಿಗೂ ಹೇಳಬೇಡಿ." ಮಾಮಿ ಕನ್ನಡಕವನ್ನೂ ಮರೆತು ರೇಷ್ಮೆ ಸೀರೆಯಲ್ಲೇ ಕಾರ್ತಿಕನನ್ನು ಎಳೆದುಕೊಂಡು ಓಡಿದರು. ಒಂದು ಗಂಟೆಯಲ್ಲಿ ಅವನ ಕೊರಳಿಗೂ ಹಾರ ಬಿದ್ದಿತ್ತು!

ಮಧ್ಯಾಹ್ನ ಮಗ, ಸೊಸೆ ಬಂದರು. ನಾನು ಶಾಲೆಯವರು ಕೊಟ್ಟ ಅಡ್ಮಿಷನ್ ಚೀಟಿಯನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಕೇಸರಿಬಾತ್ ಇಟ್ಟು ಕೊಟ್ಟೆ. ಸುಧಾ ಓದಿದಳು. ಮತ್ತೆ ಓದಿದಳು. ಚಮಚ ಕೆಳಗಿಟ್ಟಳು.

"ಮಾವಾ, ಇದು ಆ ಶಾಲೆ ಅಲ್ಲ. ಅದರ ಹಿಂದಿರೋ ಕಾರ್ಪೊರೇಷನ್ ಶಾಲೆ. ವಿಜಯದಶಮಿಗೆ ಅಲ್ಲಿ ಯಾರು ಬಂದ್ರೂ ಸೇರಿಸ್ಕೊಳ್ತಾರೆ."

"ಒಂದೇ ಗೋಡೆ ಅಲ್ವಾ ಅಮ್ಮಾ?"

"ಗೋಡೆ ಒಂದೇ ಮಾವಾ. ಶಾಲೆ ಎರಡು!"

ರಮೇಶ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಮಾಮಿಯ ಮನೆಯಲ್ಲೂ ಯಾರೋ ಚೀಟಿ ಓದಿರಬೇಕು. ಬಾಗಿಲಲ್ಲಿ ಅವರು ಕಾಣಿಸಿಕೊಂಡರು. "ಎನ್ನ ಮಾಮಾ, ಇಪ್ಪಡಿ ಪಣ್ಣಿಟ್ಟೇಳೇ!" ಹೀಗೆ ಮಾಡಿಬಿಟ್ಟಿರಲ್ಲ ಎಂದರು. ಇನ್ನೊಂದು ಸೌಟು ಕೇಸರಿಬಾತ್ ಬಡಿಸಿದೆ. ಲೀಲಾ ಮಾತ್ರ ಒಳಗಿನಿಂದ, "ಇವರಿಗೆ ಮಂಡೆ ಸಮ ಇಲ್ಲ ಅಂತ ನಾನು ಮದುವೆ ದಿನವೇ ಹೇಳಿದ್ದೆ" ಎಂದು ದಾಖಲೆ ಮಾಡಿದಳು.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಅಡ್ಮಿಷನ್ ರದ್ದು ಮಾಡಿಸಲು ಮೆರವಣಿಗೆ ಹೊರಟಿತು. ರಮೇಶ, ಸುಧಾ, ಮಾಮಿ, ಇಬ್ಬರು ಮಕ್ಕಳು, ಕೊನೆಯಲ್ಲಿ ಅಪರಾಧಿ. ಹೆಡ್‌ಮಿಸ್ಟ್ರೆಸ್ ಬೇಸರಿಸಿಕೊಳ್ಳಲಿಲ್ಲ. "ಬರೆದು ಕೊಡಿ, ಮಾಡೋಣ" ಎಂದು ಕಾಗದ ಕೊಟ್ಟರು. ರಮೇಶ ಬರೆಯುತ್ತಿದ್ದಂತೆ ಸುಧಾ ಸುತ್ತ ನೋಡಿದಳು. "ಅನಿ ಎಲ್ಲಿ?"

ಅನಿ ಒಂದನೇ ಕ್ಲಾಸಿನ ಮುಂದಿನ ಬೆಂಚಿನಲ್ಲಿದ್ದಳು! ಬ್ಯಾಗನ್ನು ಮೊಳೆಗೆ ನೇತುಹಾಕಿ, ಕಾರ್ತಿಕನನ್ನೂ ಪಕ್ಕ ಕೂರಿಸಿಕೊಂಡು, ಟೀಚರಮ್ಮನ ಜೊತೆ ಕೈ ಎತ್ತಿ ಎತ್ತಿ ಹಾಡುತ್ತಿದ್ದಳು. ಸುಧಾ ಕಿಟಕಿಯ ಹತ್ತಿರ ನಿಂತಳು. ಕರೆಯಲು ಎತ್ತಿದ ಕೈ ಹಾಗೇ ಸರಳು ಹಿಡಿಯಿತು. ಆಮೇಲೆ ತಿರುಗಿ, "ರೀ, ಆ ಕಾಗದ ಹರಿದುಹಾಕಿ" ಎಂದಳು. "ಇವಳು ಇಷ್ಟು ಜೋರಾಗಿ ನಗೋದು ನೋಡಿ ಎಷ್ಟು ತಿಂಗಳಾಯ್ತು!" ಮಾಮಿ ಕೂಡ ಇಣುಕಿ, "ಇರುಕ್ಕಟ್ಟುಂ" ಎಂದರು. ಇರಲಿ!

ಅಷ್ಟೇ, ನನ್ನ ಕಟ್ಟೆ ಒಡೆಯಿತು. ಕಿಟಕಿಗೆ ಮುಖವಿಟ್ಟು ಗಟ್ಟಿಯಾಗಿ ಅತ್ತೆ. ಆನಂದಬಾಷ್ಪವೇ, ಆದರೆ ಅದು ಮಕ್ಕಳಿಗೆ ಹೇಗೆ ತಿಳಿಯಬೇಕು? ಮೊದಲ ಸಾಲಿನ ಒಂದು ಮಗು ನನ್ನನ್ನು ನೋಡಿ ತುಟಿ ಉಬ್ಬಿಸಿತು. ಎರಡನೆಯದು ಬಾಯಿ ತೆರೆಯಿತು. ನಿಮಿಷದೊಳಗೆ ಇಡೀ ಒಂದನೇ ಕ್ಲಾಸು ಗೊಳೋ ಎಂದಿತು! ಅನಿ ಒಬ್ಬಳು ಎದ್ದು ನಿಂತು ಬಾಗಿಲು ತೋರಿಸಿದಳು. "ತಾತಾ, ನೀ ವೀಟ್ಟುಕ್ಕು ಪೋ!"

ಮನೆಗೆ ಹೋಗು ಎಂದಾಯಿತು. ಟೀಚರಮ್ಮನೂ ಕೈಮುಗಿದು, ಇನ್ನೊಂದು ತಿಂಗಳು ಮಗುವನ್ನು ಅಮ್ಮನೇ ತಂದು ಬಿಡಲಿ, ಪೆರಿಯವರು, ಅಂದರೆ ಹಿರಿಯನಾದ ನಾನು, ಗೇಟಿನ ಹತ್ತಿರ ಬರುವುದು ಬೇಡ ಎಂದು ತೀರ್ಪು ಕೊಟ್ಟರು.

ಹಾಗಾಗಿ ಈಗ ನಾನು ಗಲ್ಲಿಯ ತುದಿಯ ಬಸ್ ಸ್ಟಾಪಿನಲ್ಲಿ ನಿಲ್ಲುತ್ತೇನೆ. ಅಲ್ಲಿಂದ ಕಿವಿಗೊಟ್ಟರೆ ಹಾಡು ಕೇಳಿಸುತ್ತದೆ. ಬಸ್ಸುಗಳು ನನಗಾಗಿ ನಿಲ್ಲುತ್ತವೆ, ನಾನು ಹತ್ತುವುದಿಲ್ಲ. ನಿನ್ನೆ ಒಬ್ಬ ಕಂಡಕ್ಟರ್ ತಲೆ ಹೊರಗೆ ಹಾಕಿ, "ಪೆರಿಯವರೇ, ಎಂಗೆ ಪೋಣುಂ?" ಎಂದು ಗದರಿದ.

"ಎಲ್ಲಿಗೂ ಇಲ್ಲಪ್ಪಾ" ಎಂದೆ. "ಒಂದನೇ ಕ್ಲಾಸಿಗೆ ಇಂಟರ್ವಲ್ ಬಿಡಬೇಕು."

ಅವನು ತಲೆ ಒಳಗೆಳೆದುಕೊಂಡು, ವಿಸಿಲ್ ಊದಿ ಬಸ್ಸು ಬಿಟ್ಟ.